ತೆಂಗಿನ ಬುಡಕ್ಕೆ ಹೋದ ಹಾಲು

ಮೊನ್ನೆ ಭಾನುವಾರ ನನ್ನ ತಂಗಿ ನರಸೀಪುರದಿಂದ ಬಸ್ಸು ಹತ್ತಿ ನಂಜನಗೂಡಿನ ನಮ್ಮ ಮನೆಗೆ ಬಂದಳು. ಕೈಕಾಲು ತೊಳೆದು, ಮಂಚದ ಮೇಲೆ ಕೂತಿದ್ದ ನನ್ನ ಮಗಳ ತಲೆ ಸವರಿ, ಕೈಚೀಲದ ತಳದಿಂದ ಒಂದು ಹಳೆಯ ಬಟ್ಟೆಯ ಗಂಟು ತೆಗೆದಳು. ಬಿಚ್ಚಿದರೆ ಒಳಗೊಂದು ಬೆಳ್ಳಿಯ ಒಳಲೆ. ಒಳಲೆ ಎಂದರೆ ಎಳೆಗೂಸಿಗೆ ಹಾಲು ಕುಡಿಸುವ, ಒಂದು ಕಡೆ ಮೂತಿ ಚಾಚಿಕೊಂಡಿರುವ ಪುಟ್ಟ ಬಟ್ಟಲು. ಇದರ ಮೂತಿ ಎಡಕ್ಕೆ ಸೊಟ್ಟಗಾಗಿತ್ತು. ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಬಜೆಯ ಘಾಟು, ಹರಳೆಣ್ಣೆಯ ಜಿಡ್ಡುವಾಸನೆ, ಅದರ ಹಿಂದೆಲ್ಲೋ ಸ್ವಲ್ಪ ನಶ್ಯ... ಬಟ್ಟೆಯದೇ ವಾಸನೆಯೋ, ನನ್ನ ಭ್ರಮೆಯೋ ಗೊತ್ತಿಲ್ಲ.

ನನ್ನ ಮಗಳು ಹೆತ್ತು ಇನ್ನೂ ತಿಂಗಳಾಗಿಲ್ಲ. ಕೂಸಿಗೆ ಮೊಲೆ ಹಿಡಿಯಲು ಬರುತ್ತಿರಲಿಲ್ಲ. ಒಂದೆರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು. ಹಾಲು ಹಿಂಡಿ ಒಳಲೆಯಲ್ಲಿ ಕೊಡಿ, ಜೊತೆಗೆ ಎದೆಗೂ ಹಾಕುತ್ತಿರಿ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದರು. ನಾನು ಅಂಗಡಿಯಿಂದ ಸ್ಟೀಲಿನ ಒಳಲೆ ತಂದಿದ್ದೆ. ಅದನ್ನೇ ಫೋನಿನಲ್ಲಿ ತಂಗಿಗೆ ಹೇಳಿದ್ದೆ. ಅಷ್ಟಕ್ಕೆ ಅವಳು ಬೆಳ್ಳಿಯದನ್ನು ಹೊತ್ತು ತಂದಿದ್ದಾಳೆಂದರೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದು ದೊಡ್ಡವ್ವನ ಒಳಲೆ. ಆ ಸೊಟ್ಟಮೂತಿಯನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ದೊಡ್ಡವ್ವ ತೀರಿಕೊಂಡಾಗ, ತಿಥಿ ಮುಗಿದ ಮೇಲೆ, ನಾಚಿಕೆ ಬಿಟ್ಟು ಅವಳ ಸೊಸೆಯನ್ನು ಇದಕ್ಕಾಗಿ ಕೇಳಿದ್ದೆ. ಎಲ್ಲೂ ಕಾಣಲಿಲ್ಲ ಕಣಕ್ಕ ಎಂದಿದ್ದಳು. ಇಷ್ಟು ವರ್ಷ ಇದು ನರಸೀಪುರದಲ್ಲಿ, ನನ್ನ ತಂಗಿಯ ಬೀರುವಿನಲ್ಲಿತ್ತು!

ದೊಡ್ಡವ್ವ ನಮಗೆ ರಕ್ತಸಂಬಂಧಿಯಲ್ಲ. ಹೆಡತಲೆಯಲ್ಲಿ ನನ್ನ ತವರಿನ ಎದುರುಮನೆಯವಳು. ಅವಳ ಗಂಡ ನೀರುಗಂಟಿ. ನಾಲೆಯ ನೀರನ್ನು ಇವತ್ತು ಯಾರ ಗದ್ದೆಗೆ, ನಾಳೆ ಯಾರ ಗದ್ದೆಗೆ ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಮಾತಿಲ್ಲದೆ ಓಡಾಡುತ್ತಿದ್ದ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ದಪ್ಪ ಮೂಳೆಯ ಆಳು, ಒಡಕು ದನಿ, ಸೊಂಟದಲ್ಲಿ ಯಾವಾಗಲೂ ನಶ್ಯದ ಡಬ್ಬಿ. ಇಬ್ಬರು ಗಂಡುಮಕ್ಕಳನ್ನು ಹೆತ್ತಿದ್ದಳು, ಹೆಣ್ಣಿರಲಿಲ್ಲ. ಮಗಳ ಬಾಣಂತನ ಮಾಡುವ ಭಾಗ್ಯ ತನಗಿಲ್ಲ ಎಂದು ಬೀದಿಯವರೆದುರು ಹೇಳಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದಳು. ಅದು ದುಃಖಕ್ಕೋ ನಶ್ಯಕ್ಕೋ ಹೇಳುವುದು ಕಷ್ಟವಾಗಿತ್ತು.

ಅವಳಿಗೆ ಆ ಭಾಗ್ಯ ಬಂದದ್ದು ನನ್ನ ತಂಗಿಯ ದೆಸೆಯಿಂದ. ನಾನು ಮೊದಲು ಮದುವೆಯಾದವಳು. ಮಕ್ಕಳಾಗಲಿಲ್ಲವೆಂದು ವರ್ಷಗಟ್ಟಲೆ ಅರಳಿಕಟ್ಟೆ ಸುತ್ತಿದೆ. ತಂಗಿ ಮದುವೆಯಾದ ವರ್ಷವೇ ಬಸುರಿಯಾದಳು. ಹತ್ತಿರಹತ್ತಿರ ಅದೇ ಹೊತ್ತಿಗೆ ನನಗೂ ನಿಂತಿತು. ಸುತ್ತಿದವಳು ನಾನು, ಕೂತಲ್ಲೇ ಫಲ ಸಿಕ್ಕಿದ್ದು ಅವಳಿಗೆ ಎಂದು ಆಗಲೇ ನನಗೆ ಒಳಗೊಳಗೇ ಉರಿ. ಸಾಲದೆಂದು ಅವಳಿಗೆ ಎಂಟನೇ ತಿಂಗಳಿಗೇ ನೋವು ಬಂದು, ನನಗಿಂತ ಮೊದಲು ಹೆತ್ತಳು. ಗಂಡುಕೂಸು. ಅಂಗೈಯಗಲ ಇತ್ತಂತೆ. ಅವ್ವನ ನಿದ್ದೆ, ಅವ್ವನ ಹರಕೆ, ನಾವಿಬ್ಬರೂ ಮಲಗಿ ಬೆಳೆದ ನಡುಮನೆಯ ಪಕ್ಕದ ಕೋಣೆ, ಎಲ್ಲವೂ ಅವಳದಾಯಿತು.

ಕೆಲವು ವಾರದ ಮೇಲೆ ನಾನು ನಂಜನಗೂಡಿನ ಆಸ್ಪತ್ರೆಯಲ್ಲಿ ಹೆತ್ತು, ಮಗಳನ್ನು ಎತ್ತಿಕೊಂಡು ತವರಿಗೆ ಹೋದರೆ, ಕಾರು ನಿಂತದ್ದು ಎದುರುಮನೆಯ ಬಾಗಿಲಲ್ಲಿ. ಇಬ್ಬರು ಬಾಣಂತಿಯರು ಒಂದೇ ಸೂರಿನಡಿ ಇರಬಾರದು ಎಂದು ನಮ್ಮ ಮನೆಯ ಹಿರಿಯರು ತೀರ್ಮಾನ ಮಾಡಿದ್ದರು. ಒಬ್ಬರ ಮುಖ ಒಬ್ಬರು ನೋಡಬಾರದು, ಒಬ್ಬರಿಗೆ ಮಾಡಿದ ಕೈಯಲ್ಲಿ ಇನ್ನೊಬ್ಬರನ್ನು ಮುಟ್ಟಬಾರದು, ಮೀರಿದರೆ ಒಬ್ಬಳ ಹಾಲನ್ನು ಇನ್ನೊಬ್ಬಳು ಎಳೆದುಕೊಳ್ಳುತ್ತಾಳೆ. ಆಗ ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ನಾನೂ ಮಾಡಲಿಲ್ಲ. ನನ್ನ ಪ್ರಶ್ನೆ ಬೇರೆಯಿತ್ತು: ಹೊರಗೆ ಹೋಗಬೇಕಾದವಳು ನಾನೇ ಯಾಕೆ?

"ನೀನು ದೊಡ್ಡವ್ಳು ಕಣವ್ವ. ಒಂದ್ಕಂಡು ಓಯ್ತೀಯ" ಎಂದಳು ಅವ್ವ, ಬೀದಿಯ ಆ ಬದಿಯಲ್ಲೇ ನಿಂತು.

ಈ ಮಾತನ್ನು ನಾನು ಲಂಗ ಹಾಕುವ ಕಾಲದಿಂದ ಕೇಳಿಸಿಕೊಂಡು ಬಂದಿದ್ದೆ. ಕಿಟಕಿ ಪಕ್ಕದ ಸೀಟು ಬಿಡುವಾಗ, ಹೊಸ ಕೊಡೆ ಬಿಡುವಾಗ, ಹೋಳಿಗೆಯಲ್ಲಿ ಚೆನ್ನಾಗಿ ಉಬ್ಬಿದ್ದನ್ನು ಬಿಡುವಾಗ. ಈಗ ಅವ್ವನನ್ನೇ ಬಿಡಬೇಕಾಯಿತು. ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಒಳಗಿನಿಂದ ಬಂದು ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡಳೆಂದೇ ಹೇಳಬೇಕು. "ಬಾ ನನ್ ಮಗಳೆ. ನಿಮ್ಮವ್ವ ಕೊಡದಿದ್ರೆ ಏನಾಯ್ತು, ನಾನು ತಕ್ಕಂಡೆ" ಎಂದಳು. ಬೀದಿಯ ಆ ಬದಿ ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ದೊಡ್ಡವ್ವ ಕೊಟ್ಟ ಕೋಣೆಗೆ ಒಂದು ಕಿಟಕಿಯಿತ್ತು. ಅದರಿಂದ ನಮ್ಮ ಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಅದೇ ನನಗೆ ಕೇಡಾಯಿತು. ನಮ್ಮ ಮನೆಯಲ್ಲಿ ಸಬ್ಬಸಿಗೆ ಸೊಪ್ಪು ಬಾಡಿಸಿದರೆ ಇಲ್ಲಿಗೆ ವಾಸನೆ ಬರುತ್ತಿತ್ತು. ಇಲ್ಲೂ ದೊಡ್ಡವ್ವ ಅದನ್ನೇ ಬಾಡಿಸುತ್ತಿದ್ದಳು, ಬೆಳ್ಳುಳ್ಳಿ ಇನ್ನೊಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದಳು. ಆದರೆ ಅದು ಅವ್ವ ಬಾಡಿಸಿದ್ದಲ್ಲವಲ್ಲ. ದಿನಕ್ಕೊಂದು ಹೊತ್ತು ಅವ್ವ ದೊಡ್ಡವ್ವನ ಬಾಗಿಲಿಗೆ ಬಂದು, ಹೊಸಿಲು ದಾಟದೆ, "ಆಲು ಬಂತಾ ಮಗ?" ಎಂದು ಕೂಗಿ ಕೇಳುತ್ತಿದ್ದಳು. ನಾನು ಬೇಕೆಂದೇ ಉತ್ತರ ಕೊಡುತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯೊಳಗಿಂದ ಸಣ್ಣ ಅಳು ಕೇಳಿದರೆ ಅವ್ವ ಹಾಗೇ ಓಡುತ್ತಿದ್ದಳು.

ಹಾಲು ಬಂದಿರಲಿಲ್ಲ, ನಿಜ. ಬಂದಿದ್ದರೂ ಮಗಳಿಗೆ ಸಿಗುತ್ತಿರಲಿಲ್ಲ. ಅವಳು ಬರೀ ತೊಟ್ಟನ್ನು ಕಚ್ಚಿ, ಸಿಗದೆ ಕಿರುಚಿ, ನೀಲಿಯಾಗುತ್ತಿದ್ದಳು. ತೊಟ್ಟು ಒಡೆದು ರಕ್ತ ಬರುತ್ತಿತ್ತು. ಅವಳ ಬಾಯಿ ಹತ್ತಿರ ಬಂದರೆ ನಾನು ಕಾಲ ಬೆರಳು ಮಡಚಿ ಹಲ್ಲು ಕಚ್ಚುತ್ತಿದ್ದೆ. ದೊಡ್ಡವ್ವ ನನ್ನ ಬೆನ್ನಿಗೆ ದಿಂಬು ಒತ್ತರಿಸಿ, ತಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. "ತೊಟ್ಟು ಕೊಟ್ರೆ ಎಂಗವ್ವ ಕುಡದದು? ಬಾಯ್ತುಂಬ ಕೊಡು. ಅದು ಬಾಯಿ ದೊಡ್ಡದು ಮಾಡೋಗಂಟ ಕಾಯಿ... ಈಗ ಹಾಕು, ಈಗ!" ಕೂಸಿನ ಗದ್ದ ನನ್ನ ಎದೆಗೆ ಒತ್ತಿಕೊಳ್ಳುವಂತೆ ಅದರ ಬೆನ್ನನ್ನು ಅಂಗೈಯಲ್ಲಿ ಹಿಡಿದು ತಳ್ಳುತ್ತಿದ್ದಳು. ತಪ್ಪಿದರೆ ಬಿಡಿಸಿ ಮತ್ತೆ. ಮತ್ತೆ. ನಾನು ಅತ್ತರೆ ನನ್ನನ್ನು ಬೈಯುತ್ತಿದ್ದಳು, ಕೂಸು ಅತ್ತರೆ ಕೂಸನ್ನು ಬೈಯುತ್ತಿದ್ದಳು.

ಅವಳು ಹೇಳಿದ್ದೆಲ್ಲ ಸರಿಯಾಗಿತ್ತು ಎಂದೇನೂ ನಾನು ಹೇಳುವುದಿಲ್ಲ. ಬಾಯಾರಿ ಸಾಯುತ್ತಿದ್ದರೂ ಗುಟುಕು ಲೆಕ್ಕದಲ್ಲಿ ನೀರು ಕೊಟ್ಟಳು, ಆ ಸೆಕೆಯಲ್ಲೂ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಸಿದಳು. ಕೇಳಿದರೆ ಆ ಸಿಸ್ಟರ್ ಇವತ್ತು ತಲೆ ಚಚ್ಚಿಕೊಂಡಾರು. ಆದರೆ ಎದುರಿಗೆ ಕೂತಿದ್ದಳು. ಬೇರೆ ಕೆಲಸ ಬಿಟ್ಟು, ನನಗಾಗಿ ಮಾತ್ರ ಕೂತಿದ್ದಳು. ಹಾಗೆ ನನ್ನೊಬ್ಬಳಿಗಾಗಿ ಕೂತವರನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಒಂದು ಮಧ್ಯಾಹ್ನ ಮಗಳು ಗಬಕ್ಕನೆ ಹಿಡಿದಳು. ಕುಡಿಯುವ ಶಬ್ದ ಕೇಳಿಸಿತು. ದೊಡ್ಡವ್ವ ಉಸಿರು ಬಿಡದೆ ಸ್ವಲ್ಪ ಹೊತ್ತು ನೋಡಿ, ಆಮೇಲೆ ಎದ್ದು ಹೋಗಿ ಪಡಸಾಲೆಯಲ್ಲಿ ಜೋರಾಗಿ ಸೀನಿದಳು. ಆ ದಿನದಿಂದ ಅವಳು ನನ್ನವಳು ಎಂದುಕೊಂಡೆ. ಅವ್ವನನ್ನು ತಂಗಿಗೆ ಬಿಟ್ಟೆ, ಇವಳು ನನಗೆ.

ಆಮೇಲೆ ಹಾಲು ಬಂದ ಪರಿ ಹೇಳಲು ಸಂಕೋಚವಾಗುತ್ತದೆ. ಮಗಳು ಕುಡಿದು ತೇಗಿದ ಮೇಲೂ ಎದೆ ಕಟ್ಟಿಕೊಂಡು ಕಲ್ಲಾಗುತ್ತಿತ್ತು. ದೊಡ್ಡವ್ವ ಬಿಸಿನೀರಿನ ಬಟ್ಟೆಯಿಂದ ಕಾವು ಕೊಟ್ಟು, ಪೆಟ್ಟಿಗೆಯಿಂದ ತನ್ನ ತವರಿನ ಬೆಳ್ಳಿ ಒಳಲೆಯನ್ನು ತೆಗೆದು, ಬಿಸಿನೀರಲ್ಲಿ ಅದ್ದಿ ಕೊಟ್ಟಳು. ಮಿಕ್ಕದ್ದನ್ನು ಇದಕ್ಕೆ ಹಿಂಡು ಎಂದಳು. ತಾಯಿಹಾಲನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು, ಇರುವೆ ಮುತ್ತಬಾರದು, ಮರದ ಬುಡಕ್ಕೆ ಹಾಕಬೇಕು ಎಂಬುದು ನಮ್ಮ ಕಡೆಯ ರೂಢಿ. ಅವಳ ಹಿತ್ತಿಲಲ್ಲೇ ನುಗ್ಗೆಯಿತ್ತು, ಹಲಸಿತ್ತು. ಅವಳು ಅದಕ್ಕೆ ಹಾಕಲಿಲ್ಲ.

"ನಿಮ್ಮನೆ ಹಿತ್ತಿಲ ತೆಂಗಿನ ಬುಡಕ್ಕೆ ಉಯ್ತೀನಿ. ನಿನ್ ತವರು ತಣ್ಣಗಿರ್ಲಿ" ಎಂದಳು.

ಒಳಲೆಯ ಮೇಲೆ ಒಂದು ವೀಳ್ಯದೆಲೆ ಮುಚ್ಚಿ, ಎಲೆಯ ಮೇಲೆ ಒಂದು ಚೂರು ಇದ್ದಲು ಇಟ್ಟು, ಸೆರಗಿನಲ್ಲಿ ಮರೆಮಾಡಿಕೊಂಡು ದಿನಕ್ಕೆ ಮೂರ್ನಾಲ್ಕು ಸಲ ಹೊರಡುತ್ತಿದ್ದಳು. ಮರಕ್ಕೆ ಹಾಕುವ ಹಾಲಿಗೆ ಇಷ್ಟೆಲ್ಲ ಯಾಕೆ ಎಂದರೆ, ಬೀದಿಯಲ್ಲಿ ಕಣ್ಣು ಬೀಳುತ್ತದೆ ಸುಮ್ಮನಿರು ಎನ್ನುತ್ತಿದ್ದಳು. ಕಿಟಕಿಯಿಂದ ನಾನು ನೋಡುತ್ತಿದ್ದೆ. ಬೀದಿ ದಾಟಿ, ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ನುಗ್ಗಿ, ಹಿತ್ತಿಲಿಗೆ ಮರೆಯಾಗುತ್ತಿದ್ದಳು. ಬರುವಾಗ ತಡವಾಗುತ್ತಿತ್ತು. ಒಂದು ಒಳಲೆ ಹಾಲು ಮರಕ್ಕೆ ಹಾಕಲು ಎಷ್ಟು ಹೊತ್ತು ಬೇಕು? ನಾನು ಇಲ್ಲಿ ಅವಳಿಗಾಗಿ ಕಾಯುತ್ತಾ, ಹಿತ್ತಿಲ ಕಡೆಯಿಂದಲೂ ನಮ್ಮ ಮನೆಗೆ ಬಾಗಿಲುಂಟು ಎಂಬುದನ್ನು ನೆನೆದು ನೆನೆದು ಕುದಿಯುತ್ತಿದ್ದೆ. ತಂಗಿಯನ್ನು ನೋಡಲು ಹೋಗುತ್ತಿದ್ದಾಳೆ. ನನಗೆ ಇದ್ದ ಒಬ್ಬಳನ್ನೂ ಅವಳು ಎಳೆದುಕೊಳ್ಳುತ್ತಿದ್ದಾಳೆ.

ಒಂದು ದಿನ ಕೇಳಿಯೇಬಿಟ್ಟೆ. "ಇಷ್ಟೊತ್ತು ಏನ್ ಮಾಡ್ತಿದ್ದೆ ದೊಡ್ಡವ್ವ?"

"ಮರಾನೂ ಮಾತಾಡಿಸ್ಬೇಕು ಕಣವ್ವ. ಸುಮ್ನೆ ಉಯ್ದ್ ಬಂದ್ರೆ ಆಯ್ತದಾ?" ಎಂದು ಒಳಲೆ ತೊಳೆಯಲು ಹೋದಳು.

ಅಷ್ಟರಲ್ಲಿ ತಂಗಿಯ ಅತ್ತೆ ನರಸೀಪುರದಿಂದ ಮೊಮ್ಮಗನನ್ನು ನೋಡಲು ಬಂದರು. ಆಯಮ್ಮನ ಬಾಯಿಗೆ ನಮ್ಮ ಅವ್ವ ಹೆದರುತ್ತಿದ್ದಳು. ಮೊದಲ ಸಲ ಬಂದಾಗ, ಎಂಟರಲ್ಲಿ ಹುಟ್ಟಿದ ಕೂಸು ಉಳಿಯುತ್ತದೋ ಇಲ್ಲವೋ, ಇವಳಿಗೆ ಹಾಲಿಲ್ಲದಿದ್ದರೆ ನಾವೇ ಕರೆದುಕೊಂಡು ಹೋಗಿ ಹಸುವಿನ ಹಾಲು ಹಾಕಿ ಸಾಕುತ್ತೇವೆ ಎಂದು ಹೇಳಿ ಹೋಗಿದ್ದರು. ಈ ಸಲ ಕೂಸನ್ನು ಎತ್ತಿಕೊಂಡು ಜಗಲಿಗೇ ಬಂದರು. ನಾನು ಕಿಟಕಿಯ ಹಿಂದೆ ನಿಂತು ಅದನ್ನು ಮೊದಲ ಬಾರಿಗೆ ಬೆಳಕಿನಲ್ಲಿ ಕಂಡೆ. ಕೆನ್ನೆ ಬಂದಿತ್ತು. ತೊಡೆಯಲ್ಲಿ ಮಡಿಕೆ ಬೀಳುತ್ತಿತ್ತು.

"ನೋಡ್ರವ್ವ, ನನ್ ಸೊಸೆ ಆಲು ಅಂದ್ರೆ ಆಲು! ಅಂಗೈಯಗಲ ಇದ್ದದ್ದು ಎಂಗಾಗದೆ ನೋಡ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಒಳಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ತಂಗಿ ಒಂದು ಗಳಿಗೆ ಕಾಣಿಸಿದಳು. ಮಾತು ಕೇಳಿ ತಲೆ ತಗ್ಗಿಸಿದಳು. ಅಯ್ಯೋ, ಆ ಬಿಂಕವೇ! ಎಂದುಕೊಂಡೆ ನಾನು.

ನನ್ನ ಮಗಳು ಆರೋಗ್ಯವಾಗಿದ್ದಳು. ಆದರೆ ಉದ್ದಕ್ಕೆ, ತೆಳ್ಳಗೆ, ನಮ್ಮ ಯಜಮಾನರ ಮೈಕಟ್ಟು. ಅವಳ ತೊಡೆಯನ್ನು ಚಿವುಟಿ ನೋಡಿದೆ, ಮಡಿಕೆಯಿಲ್ಲ. ಅವತ್ತು ಊಟಕ್ಕೆ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ. ಆಮೇಲೆ ತಡೆಯಲಾಗದೆ ದೊಡ್ಡವ್ವನ ಹತ್ತಿರ ಕೇಳಿದೆ: "ಅವಳ ಹಾಲು ನನ್ನದಕ್ಕಿಂತ ಗಟ್ಟಿನಾ?"

ದೊಡ್ಡವ್ವ ಅಷ್ಟೊತ್ತಿಗೆ ನಶ್ಯವನ್ನು ಚಿಟಿಕೆಯಲ್ಲಿ ಹಿಡಿದು ಮೂಗಿಗೆ ಏರಿಸುತ್ತಿದ್ದಳು. ನಗು ಬಂದು ಅದು ಎಲ್ಲೆಲ್ಲಿಗೋ ಏರಿತು. ಸೀನಿದಳು, ಕೆಮ್ಮಿದಳು, ಕಣ್ಣಲ್ಲಿ ನೀರು ಸುರಿಸಿದಳು, ಗೋಡೆ ಹಿಡಿದು ನಿಂತು ಮತ್ತೆ ನಕ್ಕಳು. "ಎರಡೂ ಒಂದೇಯ ಕನ್ ಮಗಳೆ, ಒಂದೇಯ" ಎಂದಳು, ಮಾತು ಬಂದ ಮೇಲೆ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಒಳಲೆಯ ಮೂತಿ ಸೊಟ್ಟಗಾದದ್ದು ಅದಾದ ಮೇಲೆ. ಒಂದು ಸಂಜೆ ಹಿಂಡಿ ತುಂಬಿಸಿದ ಒಳಲೆಯನ್ನು ಮಂಚದ ತುದಿಯಲ್ಲಿಟ್ಟಿದ್ದೆ. ಪಕ್ಕದಲ್ಲಿ ಮಲಗಿದ್ದ ಮಗಳು ಕಾಲು ಝಾಡಿಸಿದಳು. ಅದು ಉರುಳಿ ಕಲ್ಲುಚಪ್ಪಡಿಗೆ ಬಡಿಯಿತು. ಸದ್ದಿಗೆ ದೊಡ್ಡವ್ವ ಓಡಿ ಬಂದಳು. ಒಳಲೆಯ ಕಡೆ ನೋಡಲೇ ಇಲ್ಲ. ಚೆಲ್ಲಿದ ಹಾಲನ್ನು ನೋಡಿದಳು. ಮೊದಲು ನನ್ನನ್ನು, ನನ್ನ ಮಗಳನ್ನು, ನಮ್ಮ ವಂಶವನ್ನೆಲ್ಲ ಸೇರಿಸಿ ಬೈದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅಷ್ಟು ದೊಡ್ಡ ಹೆಂಗಸು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ತವರಿನ ಬೆಳ್ಳಿಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ. ನಂಜನಗೂಡಿನಲ್ಲಿ ಅಕ್ಕಸಾಲಿಗನ ಹತ್ತಿರ ಸರಿಮಾಡಿಸಿಕೊಡುತ್ತೇನೆ ಎಂದೆ.

"ಬೆಳ್ಳಿ ಮನೆ ಆಳಾಗ್ಲಿ. ಇನ್ನೊಂದ್ ನಾಕ್ ತೊಟ್ಟು ಬತ್ತದಾ ನೋಡು ಮಗ" ಎಂದಳು.

ಆಗತಾನೆ ಹಿಂಡಿ ಕೈ ಸೋತಿತ್ತು. ಮಗಳೂ ಕುಡಿದು ಮಲಗಿದ್ದಳು. ನನಗೆ ನಗು ಬಂತು. "ಮರ ಒಂದೊತ್ತು ಉಪವಾಸ ಇದ್ರೆ ಸತ್ತೋಗಲ್ಲ ಬುಡು ದೊಡ್ಡವ್ವ" ಎಂದೆ.

ಅವಳು ನನ್ನನ್ನು ನೋಡಿದಳು. ಆ ನೋಟ ಎಂಥದ್ದು ಎಂದು ಆಗ ತಿಳಿಯಲಿಲ್ಲ... ಸೆರಗಿನಿಂದ ನೆಲ ಒರೆಸಿ, ಸೊಟ್ಟ ಒಳಲೆಯನ್ನು ಬಿಸಿನೀರಲ್ಲಿ ತೊಳೆದು ತಂದು, ನನ್ನ ಮುಂದೆ ಹಿಡಿದು ಕೂತಳು. ಅವಳ ಹಟಕ್ಕೆ ಸೋತು ಮತ್ತೆ ಹಿಂಡಿದೆ. ತಳ ಮುಚ್ಚುವಷ್ಟು ಬಂತು. ಅಷ್ಟನ್ನೇ ಎಲೆ ಮುಚ್ಚಿಕೊಂಡು ಓಡಿದಳು.

ಕೆಲವು ದಿನ ಕಳೆದು ಅವಳೇ, ಇನ್ನು ಹಿಂಡುವುದು ಬೇಡ, ಮರಕ್ಕೆ ಸಾಕಾಯಿತು ಎಂದಳು. ಒಳಲೆ ಪೆಟ್ಟಿಗೆ ಸೇರಿತು. ಎದೆಯೂ ಕ್ರಮೇಣ ತನ್ನ ಅಳತೆ ಕಂಡುಕೊಂಡಿತು. ತಂಗಿಯನ್ನು ನರಸೀಪುರದವರು ದಿಬ್ಬಣದಂತೆ ಬಂದು ಕರೆದುಕೊಂಡು ಹೋದರು. ನಾನು ಮಗಳನ್ನು ಎತ್ತಿಕೊಂಡು ನಂಜನಗೂಡಿಗೆ ಬಂದೆ.

ಆಮೇಲಿನ ವರ್ಷಗಳಲ್ಲಿ ನಾನು ಆ ತೆಂಗಿನಮರದ ವಿಷಯದಲ್ಲಿ ಆಡಿದ ಆಟ ನೆನೆದರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ತವರಿಗೆ ಹೋದಾಗಲೆಲ್ಲ ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, "ನೋಡು, ಇದು ನಿನ್ನ ಜೊತೆ ಹಾಲು ಕುಡಿದ ಮರ" ಎನ್ನುತ್ತಿದ್ದೆ. ಅವಳು ಮರವನ್ನು ತಬ್ಬಿಕೊಳ್ಳುತ್ತಿದ್ದಳು. ಅದರ ಎಳನೀರು ಬೇರೆ ಮರದ್ದಕ್ಕಿಂತ ಸಿಹಿ ಎಂದು ತಂಗಿಯ ಮುಂದೆಯೇ, ತಂಗಿಗೆ ಕೇಳಿಸಲೆಂದೇ ಹೇಳುತ್ತಿದ್ದೆ. ಅವಳ ಮಗನನ್ನು ಜನ ಕಂಡಾಗಲೆಲ್ಲ ಎಂಟು ತಿಂಗಳಿಗೆ ಹುಟ್ಟಿದವನು ಎಂದರೆ ನಂಬುತ್ತಿರಲಿಲ್ಲ, ತಾಯಿಹಾಲಿನ ಮಹಿಮೆ ಎನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ನಾನು ಮರದ ಮಾತು ತೆಗೆಯುತ್ತಿದ್ದೆ. ದೊಡ್ಡವ್ವ ಅಲ್ಲೇ ಇದ್ದರೆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ, ಕಾಯಿ ಕೆಡವಿಸಿ, "ತಕ್ಕೊ, ನಿನ್ ಮರದ ಕಾಯಿ" ಎಂದು ನನ್ನ ಚೀಲಕ್ಕೆ ತುಂಬಿಸುತ್ತಿದ್ದಳು. ತಂಗಿಗೂ ಕೊಡುತ್ತಿದ್ದಳು. ನನಗೆ ಕೊಟ್ಟದ್ದು ದಪ್ಪವಾ, ಅವಳಿಗೆ ಕೊಟ್ಟದ್ದು ದಪ್ಪವಾ ಎಂದು ನಾನು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ.

ಅವ್ವ ಹೋದಳು. ಆಮೇಲೆ ನೀರುಗಂಟಿ ದೊಡ್ಡಪ್ಪ. ಕೊನೆಗೆ ದೊಡ್ಡವ್ವ. ಅವಳ ಕಡೆಗಾಲದಲ್ಲಿ ನಾನು ಆಫೀಸಿಗೆ ರಜೆ ಹಾಕಿ ಹೋಗಿ ನೋಡಿಕೊಂಡು ಬಂದಿದ್ದೆ. ಮಾತು ತೊದಲುತ್ತಿತ್ತು. ಕೈ ಹಿಡಿದು, "ನನ್ ಮಗಳೆ" ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಒಳಲೆಯ ವಿಷಯ ಆಗ ಕೇಳಲು ಬಾಯಿ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅದೇ ಒಳಲೆ ಮೊನ್ನೆ ತಂಗಿಯ ಕೈಚೀಲದಿಂದ ಹೊರಗೆ ಬಂತು ಎಂದರೆ ನನಗೆ ಹೇಗಾಗಿರಬೇಡ. ನಾನು ಬಿಗಿದುಕೊಂಡು ನಿಂತೆ. ತಂಗಿ ಅದನ್ನು ಕುದಿಯುವ ನೀರಲ್ಲಿ ತೊಳೆದಳು. ಮಗಳು ಹಿಂಡಿಟ್ಟಿದ್ದ ಹಾಲನ್ನು ಅದಕ್ಕೆ ಹಾಕಿಕೊಂಡಳು. ಆದರೆ ಕೂಸಿನ ಬಾಯಿಗೆ ಇಡಲಿಲ್ಲ. ಕೂಸನ್ನು ಎದೆಗೆ ಹಾಕಿಸಿ, ಒಳಲೆಯ ಸೊಟ್ಟಮೂತಿಯಿಂದ ಹಾಲನ್ನು ಎದೆಯ ಮೇಲಿಂದ ತೊಟ್ಟು ತೊಟ್ಟಾಗಿ ಇಳಿಬಿಟ್ಟಳು. ಅದು ಜಾರಿ ಕೂಸಿನ ತುಟಿ ಮುಟ್ಟಿತು. ಕೂಸು ನೆಕ್ಕಿತು. ಬಾಯಿ ಅಗಲ ಮಾಡಿತು. ರುಚಿ ಸಿಕ್ಕಿ ಚೀಪಲು ಶುರುಮಾಡಿತು. ನಿಂತರೆ ಮತ್ತೊಂದು ತೊಟ್ಟು. ನನ್ನ ಮಗಳು ಉಸಿರು ಬಿಗಿಹಿಡಿದು ಕೂತಿದ್ದಳು. ಒಳಲೆ ಖಾಲಿಯಾದರೂ ಕೂಸು ಬಿಡಲಿಲ್ಲ.

"ಇದನ್ನೆಲ್ಲಿ ಕಲಿತೆ? ದೊಡ್ಡವ್ವ ನನಗೆ ಇದನ್ನು ಮಾಡಿರಲಿಲ್ಲ" ಎಂದೆ. ನನ್ನ ದನಿ ನನಗೇ ಹಿತವಾಗಿ ಕೇಳಿಸಲಿಲ್ಲ.

"ನನಗೆ ಮಾಡಿದ್ಲು ಅಕ್ಕ" ಎಂದಳು ತಂಗಿ. "ಹಾಲು ನಿನ್ನದು."

ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಎಂಟನೇ ತಿಂಗಳಿಗೇ ಹುಟ್ಟಿದ ಕೂಸಿಗೆ ಚೀಪುವ ಶಕ್ತಿಯಿರಲಿಲ್ಲ. ಚೀಪದೆ ಅವಳಿಗೆ ಹಾಲು ಇಳಿಯಲಿಲ್ಲ. ನಾನು ಬರುವವರೆಗೆ ಹಸುವಿನ ಹಾಲಿಗೆ ನೀರು ಬೆರೆಸಿ ಕದ್ದು ಹನಿಸುತ್ತಿದ್ದರು, ಅದು ದಕ್ಕುತ್ತಿರಲಿಲ್ಲ. ಅತ್ತೆಗೆ ಗೊತ್ತಾದರೆ ಕೂಸನ್ನು ಎತ್ತಿಕೊಂಡು ಹೋಗುತ್ತಾರೆಂಬ ಭಯ ಬೇರೆ. ಅವ್ವ ಹಿತ್ತಿಲಲ್ಲಿ ಅಳುತ್ತಿದ್ದುದನ್ನು ದೊಡ್ಡವ್ವ ನೋಡಿದ್ದಳು. ಆಮೇಲಿನಿಂದ ದಿನವೂ ಸಂದಿಯಿಂದ ಬಂದು, ಹಿತ್ತಿಲ ಬಾಗಿಲಲ್ಲಿ ಒಳಗೆ ಸೇರಿ, ನನ್ನ ಹಾಲನ್ನು ತಂಗಿಯ ಎದೆಯ ಮೇಲಿಂದ ಬಿಟ್ಟು ಅವನಿಗೆ ಚೀಪಲು ಕಲಿಸುತ್ತಿದ್ದಳು. ಚೀಪಿ ಚೀಪಿ ತಂಗಿಗೂ ಹಾಲು ಇಳಿಯಿತು. ಆ ದಿನ ಮರಕ್ಕೆ ಸಾಕಾಯಿತು. ಬಾಣಂತಿಯರ ಕಟ್ಟುಪಾಡು ಮುರಿದದ್ದಕ್ಕೆ ದೊಡ್ಡವ್ವನಿಗೂ ಒಳಗೇ ಹೆದರಿಕೆಯಿತ್ತಂತೆ, ಅದಕ್ಕೇ ಆ ಇದ್ದಲು.

"ಒಂದ್ ಸಂಜೆ ತಳ ಮುಚ್ಚೋ ಅಷ್ಟೇ ತಂದಿದ್ಲು" ಎಂದಳು ತಂಗಿ. "ಅವತ್ತು ಅವನಿಗೆ ಜ್ವರ, ಬೆಳಗಿಂದ ಕಣ್ಣು ಬಿಟ್ಟಿರಲಿಲ್ಲ."

ನಾನು ಒಲೆ ಹಚ್ಚಿದೆ, ಆರಿಸಿದೆ. ಮರ ಒಂದೊತ್ತು ಉಪವಾಸ ಇದ್ದರೆ... ಎಂದು ನಕ್ಕವಳು ನಾನೇ.

ಆದರೆ ಸುಳ್ಳು ಯಾಕೆ ಹೇಳಲಿ, ಅದರ ಹಿಂದೆಯೇ ಬಂದದ್ದು ಹಳೆಯ ಉರಿಯೇ. ಅವ್ವನಿಗೆ ಗೊತ್ತಿತ್ತು, ದೊಡ್ಡವ್ವನಿಗೆ ಗೊತ್ತಿತ್ತು, ಇವಳಿಗೆ ಗೊತ್ತಿತ್ತು. ಮೂವರೂ ಒಂದು ಕಡೆ, ನಾನು ಬೀದಿಯ ಈಚೆ. "ನನಗೆ ಯಾಕೆ ಹೇಳಲಿಲ್ಲ?" ಎಂದೆ.

ತಂಗಿ ಹೇಳಲೋ ಬೇಡವೋ ಎಂದು ಅನುಮಾನಿಸಿದಳು. "ಅವ್ವ ಹೇಳಿಬಿಡೋಣ ಅಂದಿದ್ಲು. ದೊಡ್ಡವ್ವ ಬೇಡ ಅಂದ್ಲು. 'ಕೇಳಿದ್ರೆ ಅವ್ಳು ಕೊಡ್ತಾಳೆ. ಕೊಟ್ಟು, ಜೀವ ಇರೋಗಂಟ ಹಂಗಿಸ್ತಾಳೆ' ಅಂದ್ಲು. ನನ್ನ ಕೈಲಿ ಆಣೆ ಹಾಕಿಸ್ಕೊಂಡ್ಲು."

ನಾನು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ.

"ಕೊನೇ ಸಲ ಹೋದಾಗ ಒಳಲೆ ಕೊಟ್ಲು. 'ಇದು ಅವಳ್ದೇಯ. ಅವಳ ಮಗಳು ಎತ್ತಾಗ ಕೊಡು, ಆಗ ಹೇಳು' ಅಂದ್ಲು. ಯಾಕ್ ದೊಡ್ಡವ್ವ ಹಂಗೆ ಮಾಡ್ದೆ ಅಂತ ಕೇಳ್ದೆ. 'ಮೇಲ್ಗದ್ದೆ ಕೋಡಿ ಬೀಳ್ತಿತ್ತು, ಕೆಳಗದ್ದೆ ಬಿರುಕು ಬಿಡ್ತಿತ್ತು. ನೀರುಗಂಟಿ ಎಂಡ್ತಿ ನಾನು, ನೋಡ್ಕಂಡು ಸುಮ್ನಿರಕಾಯ್ತದಾ' ಅಂದ್ಲು."

ಹೇಳುತ್ತಾ ತಂಗಿ ಅತ್ತಳು. ನಾನೂ ಅತ್ತೆ. ಅಳುತ್ತಲೇ, ಈ ಮಾತನ್ನು ದೊಡ್ಡವ್ವ ಇವಳಿಗೆ ಹೇಳಿದಳಲ್ಲ, ನನಗೆ ಹೇಳಬಾರದಿತ್ತೇ ಎಂದು ಹೊಟ್ಟೆ ಉರಿಯಿತು. ಇಷ್ಟು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಹಾಲಿನ ಮೇಲೆಯೇ. ಅದು ತಿಳಿದ ಮೇಲೂ ಕಿಚ್ಚು ಆರಲಿಲ್ಲ, ಜಾಗ ಬದಲಾಯಿಸಿತು.

ಸಂಜೆ ತಂಗಿಯನ್ನು ಕರೆದುಕೊಂಡು ಹೋಗಲು ಅವಳ ಮಗ ಬಂದ. ಅವನಿಗೆ ಇದೊಂದೂ ಗೊತ್ತಿಲ್ಲ. ಎಂಟರಲ್ಲಿ ಹುಟ್ಟಿದವನು ಈಗ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕು. "ದೊಡ್ಡಮ್ಮ, ತುಂಬ ಹಸಿವು, ಏನಾದ್ರೂ ಇದ್ಯಾ?" ಎಂದ. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ತಟ್ಟೆ ಹಾಕಿ, ಬಿಸಿ ಮುದ್ದೆ ಬಡಿಸಿ, "ಉಣ್ಣಪ್ಪ" ಎಂದೆ, ಅಷ್ಟೆ.

ಅವರು ಹೋದ ಮೇಲೆ, ಹಂಗಿಸಲಿಲ್ಲ ನೋಡು ದೊಡ್ಡವ್ವ ಎಂದು ಹೇಳಬೇಕೆನಿಸಿತು. ಹೇಳಲು ಅವಳಿಲ್ಲ. ಎದುರುಮನೆಗೆ ಈಗ ಬೀಗ. ನಮ್ಮ ಹಿತ್ತಿಲ ತೆಂಗನ್ನೂ ಹೋದ ವರ್ಷ ಕಡಿಸಿದರು, ಒಂದು ತೊಟ್ಟು ಹಾಲನ್ನೂ ಕಾಣದೆ ಅಷ್ಟು ಸಿಹಿ ಎಳನೀರು ಕೊಟ್ಟ ಮರ...

ಅವತ್ತು ನುಂಗಿಕೊಂಡದ್ದನ್ನು ಇವತ್ತು ಇಲ್ಲಿ ಬರೆದುಬಿಟ್ಟಿದ್ದೇನೆ. ತಂಗಿಯ ಮಗ ಓದುತ್ತಾನೆ, ಓದಲಿ ಎಂದೂ ಒಳಗೊಳಗೇ ಇದೆ. ದೊಡ್ಡವ್ವ ನನ್ನನ್ನು ಸರಿಯಾಗಿಯೇ ಅಳೆದಿದ್ದಳು. ಇದ್ದಿದ್ದರೆ ನಶ್ಯ ನೆತ್ತಿಗೇರಿ, ಗೋಡೆ ಹಿಡಿದು ನಿಂತು ನಗುತ್ತಿದ್ದಳು.